ಇಲಿಯೂ ಹಗೇವೂ

ಇಂದು ಮುಂಜಾನೆ ಸಿಂಧನೂರಿನ ನಮ್ಮ ಓಣಿಗೆ ತಳ್ಳುಗಾಡಿಯೊಂದನ್ನು ನೂಕಿಕೊಂಡು ಬಂದ ತರುಣನು, ಇಲಿ, ಜಿರಳೆ, ತಿಗಣೆ, ಸೊಳ್ಳೆ ಎಂದು ಒಂದೇ ಉಸಿರಿನಲ್ಲಿ ಕೂಗುತ್ತಿದ್ದ ಧ್ವನಿವರ್ಧಕವನ್ನು ನಿಲ್ಲಿಸದೆಯೇ ನಮ್ಮ ಕಟ್ಟೆಯ ಮುಂದೆ ನಿಂತು, ಎರಡು ಮಡಿಕೆಯ ರಟ್ಟೊಂದನ್ನು ಬಿಡಿಸಿ ತೋರಿಸಿದನು. ಅದರ ಒಳಮೈಗೆ ದಪ್ಪನಾಗಿ ಅಂಟು ಬಳಿದಿದ್ದಿತು. “ತಗೊಳ್ರಿ ಸರ, ಇಲಿ ಒಮ್ಮೆ ಕಾಲಿಟ್ರ ಮುಗೀತು. ವಿಷ ಇಲ್ಲ, ರಕ್ತ ಇಲ್ಲ. ಮುಂಜಾನೆ ಎದ್ದು ಮಡಚಿ ಒಗದುಬಿಡ್ರಿ” ಎಂದನು. ಅವನು ಹೊಟ್ಟೆಪಾಡಿಗಾಗಿ ಬಿಸಿಲಲ್ಲಿ ತಿರುಗುವ ಹುಡುಗ. ಅವನ ಮೇಲೆ ನನಗೆ ಕೋಪವಿಲ್ಲ. ಆದರೆ ಆ ಕೊನೆಯ ಮಾತು ಮನಸ್ಸಿಗೆ ನಾಟಿತು, ಮತ್ತು ಅಲ್ಲಿಂದ ಮುಂದೆ ಕುಡಿದ ಚಹಾ ರುಚಿಸಲಿಲ್ಲ. ಮಡಚಿ ಒಗೆಯುವ ಹೊತ್ತಿಗೆ ಆ ಪ್ರಾಣಿಯು ಸತ್ತಿರುವುದಿಲ್ಲವೆಂಬುದನ್ನು ನಾನು ಬಲ್ಲೆ. ನೆರೆಯವರ ಅಡುಗೆಮನೆಯಲ್ಲಿ ಇಂಥ ರಟ್ಟಿಗೆ ಸಿಕ್ಕಿದ ಚಿಟ್ಟಿಲಿಯನ್ನು ಬಗ್ಗಿ ನೋಡಿದ್ದೇನೆ. ನಾಲ್ಕು ಕಾಲುಗಳೂ ಒಂದು ಕೆನ್ನೆಯೂ ಮೀಸೆಯ ಕೂದಲುಗಳೂ ಅಂಟಿನೊಳಗೆ ಹೂತುಹೋಗಿದ್ದುವು; ಎಳೆದೆಳೆದು ಒಂದು ತೊಡೆಯ ತುಪ್ಪುಳು ಕಿತ್ತು ಬಂದು ಕೆಂಪಗಿನ ತೊಗಲು ಕಾಣುತ್ತಿದ್ದಿತು; ಪಕ್ಕೆಗಳು ಮಾತ್ರ ಅತಿವೇಗದಿಂದ ಏರಿಳಿಯುತ್ತಿದ್ದುವು; ಮೇಲಾಗಿದ್ದ ಒಂದು ಕಣ್ಣು ತೆರೆದೇ ಇದ್ದಿತು. ಹೀಗೆ ಕೊಲ್ಲುವುದು ಯಾವ ಗೃಹಸ್ಥನಿಗೂ ಶೋಭಿಸುವ ಕಾರ್ಯವಲ್ಲ.

ಇಲಿಯನ್ನು ಮನೆಯಿಂದ ತೊಲಗಿಸಬೇಕೇ ಬೇಡವೇ ಎಂಬುದು ಚರ್ಚೆಯ ವಿಷಯವಲ್ಲ, ತೊಲಗಿಸಲೇಬೇಕು. ಅದು ಗಣಪತಿಯ ವಾಹನವೆಂಬ ಮಾತನ್ನೂ, ಬೆಕ್ಕೊಂದನ್ನು ಸಾಕಿದರೆ ಸಾಲದೆ ಎಂಬ ಸಲಹೆಯನ್ನೂ ಓದುಗರು ಬಾಲ್ಯದಿಂದ ಕೇಳಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಚೌತಿಯ ಮರುದಿನವನ್ನು ಇಲಿವಾರವೆಂದು ಕರೆದು ಇಲಿಗೆ ಎಡೆಯಿಡುವ ಮನೆಗಳು ನಮ್ಮ ಉತ್ತರ ಕರ್ನಾಟಕದಲ್ಲಿ ಇವೆ. ಆ ಮನೆಗಳಲ್ಲಿಯೂ ಜೋಳದ ಚೀಲವನ್ನು ಬಾಯಿ ತೆರೆದಿಡುವುದಿಲ್ಲ. ಚಿಟ್ಟಿಲಿ ದಿನಕ್ಕೆ ತಿನ್ನುವುದು ಮೂರು ನಾಲ್ಕು ಗ್ರಾಂ ಕಾಳನ್ನು ಮಾತ್ರ. ಆದರೆ ಒಂದೆಡೆ ಕುಳಿತು ತಿನ್ನದೆ ಹತ್ತು ಕಡೆ ಕಡಿದು, ಹೋದಲ್ಲೆಲ್ಲ ಉಚ್ಚೆ ಹಿಕ್ಕೆಗಳಿಂದ ಕೆಡಿಸಿ, ತಿಂದುದಕ್ಕಿಂತ ಬಹುಪಟ್ಟು ಹೆಚ್ಚನ್ನು ನಮಗೆ ನಿರುಪಯುಕ್ತ ಮಾಡುತ್ತದೆ. ಇಪ್ಪತ್ತು ದಿನಗಳ ಗರ್ಭ, ಒಂದು ಸೂಲಿಗೆ ಐದಾರು ಮರಿ, ತಿಂಗಳೂವರೆಯಲ್ಲಿ ಆ ಮರಿಗಳೂ ಈಯುವ ವಯಸ್ಸಿಗೆ ಬರುವುದು. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ದೇಶವನ್ನೆಲ್ಲ ವ್ಯಾಪಿಸಿದ ಕಾಲದಲ್ಲಿ, ಇಲಿ ಬಿದ್ದಿತೆಂಬ ಸುದ್ದಿ ಕಿವಿಗೆ ಬಿದ್ದೊಡನೆ ಊರಿಗೆ ಊರೇ ಮನೆಗಳನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದುದನ್ನು ಹಿರಿಯರು ಹೇಳುತ್ತಿದ್ದರು. ಆದುದರಿಂದ ಇಲಿಯ ವಿಷಯದಲ್ಲಿ ಉದಾಸೀನವು ಸಲ್ಲದು.

ಆದರೆ ಉಪಾಯವೆಂದೊಡನೆ ಎಲ್ಲರ ಕೈಯೂ ಮೊದಲು ಪಾಷಾಣದ ಕಡೆಗೇ ಹೋಗುವುದೇಕೆ? ಮನೆಯೊಳಗೆ ವಿಷವನ್ನು ತರುವುದನ್ನು ನಾನು ಎಷ್ಟು ವಿರೋಧಿಸಿದರೂ ಕಡಿಮೆಯೆಂದು ತಿಳಿದಿದ್ದೇನೆ. ವಿಷ ತಿಂದ ಇಲಿಯು ಅಟ್ಟದ ಸಂದಿಯಲ್ಲೋ ಗೋಡೆಯ ಬಿರುಕಿನಲ್ಲೋ ಸತ್ತು ಕೊಳೆತು ಮನೆಯವರನ್ನು ಪೀಡಿಸುವುದು ಸಣ್ಣ ಮಾತು. ಹಳದಿ ರಂಜಕದ ಮುಲಾಮು ಯಕೃತ್ತನ್ನೇ ನಾಶಮಾಡುವಂಥದು, ಅದಕ್ಕೆ ಪ್ರತ್ಯೌಷಧವೇ ಇಲ್ಲ. ಮಗುವಿನ ಕೈಗೆ, ನಾಯಿಯ ಬಾಯಿಗೆ ಅದು ಎಟುಕುವ ಭಯವೊಂದು ಕಡೆ. ಮಳೆ ತಪ್ಪಿ, ಸಾಲ ಏರಿ, ಮನುಷ್ಯನು ಒಂದು ಕ್ಷಣ ಧೃತಿಗೆಟ್ಟು ನಿಂತಾಗ ಅದು ಅವನ ಕಣ್ಣೆದುರಿನ ಗೂಡಿನಲ್ಲಿ ಇರುವುದು ಇನ್ನೊಂದು ಕಡೆ. ಆ ಕ್ಷಣ ದಾಟಿದ್ದರೆ ಅವನು ಬದುಕುತ್ತಿದ್ದನು. ಇಲಿಗಾಗಿ ತಂದ ವಿಷಕ್ಕೆ ಮನೆಯ ಮಕ್ಕಳನ್ನೇ ಕಳೆದುಕೊಂಡ ಕುಟುಂಬಗಳು ನಮ್ಮ ಸೀಮೆಯಲ್ಲಿ ಇರುವಾಗ, ಅದನ್ನು ಉಪ್ಪು ಬೆಲ್ಲದೊಡನೆ ಕಿರಾಣಿ ಅಂಗಡಿಯಲ್ಲಿ ಕೊಂಡು ತರುವ ರೂಢಿಯನ್ನು ಕಂಡು ನನಗೆ ದುಃಖವಾಗುತ್ತದೆ.

ಹೆಗ್ಗಣಕ್ಕೂ ಚಿಟ್ಟಿಲಿಗೂ ಸ್ವಭಾವದಲ್ಲಿ ಬಹಳ ಅಂತರವಿದೆ. ಹೆಗ್ಗಣವು ಹೊಸದಾಗಿ ಇಟ್ಟ ವಸ್ತುವನ್ನು ಕಂಡು ಶಂಕಿಸಿ ದಿನಗಟ್ಟಲೆ ದೂರ ಸರಿಯುತ್ತದೆ. ಚಿಟ್ಟಿಲಿಯು ಕುತೂಹಲದ ಪ್ರಾಣಿ, ಹೊಸತನ್ನು ಮೊದಲ ರಾತ್ರಿಯೇ ಮೂಸಿ ನೋಡುತ್ತದೆ. ಆದುದರಿಂದ ಸ್ಪ್ರಿಂಗಿನ ಬೋನುಗಳನ್ನು ಗೋಡೆಯ ಅಂಚಿಗೆ ಒತ್ತಿಟ್ಟು, ಒಂದು ಶೇಂಗಾ ಬೀಜವನ್ನೋ ಕೊಬ್ಬರಿಯ ಚೂರನ್ನೋ ಸಿಕ್ಕಿಸಿದರೆ ಸಾಕು. ಸಾಯುವುದಾದರೂ ಒಂದೇ ಪೆಟ್ಟಿಗೆ ಸಾಯುತ್ತದೆ. ಅದಕ್ಕಿಂತಲೂ ಮುಖ್ಯವಾದುದು ಸಂದು ಮುಚ್ಚುವುದು. ಆರು ಮಿಲಿಮೀಟರು ಸಂದಿದ್ದರೆ, ಎಂದರೆ ಪೆನ್ಸಿಲೊಂದು ಹಾಯುವಷ್ಟು ಎಡೆಯಿದ್ದರೆ, ಚಿಟ್ಟಿಲಿ ಮೈ ನುಸುಳಿಸುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಕದವು ಎತ್ತರದ ಹೊಸ್ತಿಲಿಗೆ ಕೂಡಿಕೊಳ್ಳುತ್ತಿದ್ದಿತು. ಈಗಿನ ಮನೆಗಳಲ್ಲಿ ಹೊಸ್ತಿಲನ್ನೇ ತೆಗೆದುಹಾಕಿ, ನುಣುಪಾದ ಫರಸಿಯ ಮೇಲೆ ಬೆರಳೆತ್ತರದಲ್ಲಿ ಕದವನ್ನು ತೂಗುಬಿಟ್ಟು, ಆಮೇಲೆ ಇಲಿ ಬಂದಿತೆಂದು ಔಷಧದ ಗಾಡಿಯನ್ನು ಕರೆಯುತ್ತೇವೆ.

ಮನೆಗೆ ಹೊಸ್ತಿಲು ಹೇಗೋ ಧಾನ್ಯಕ್ಕೆ ಹಗೇವು ಹಾಗೆ ಇದ್ದಿತು. ಹಗೇವನ್ನು ಕುರಿತು ಮಾತು ತೆಗೆದರೆ ನನ್ನ ಮನೆಯವರು ಎದ್ದು ಒಳಗೆ ಹೋಗುವ ರೂಢಿಯುಂಟು. ಆದರೂ ಹೇಳದೆ ಇರಲಾರೆ. ಬಿಳಿಜೋಳದ ನಾಡಾದ ಈ ರಾಯಚೂರು ಸೀಮೆಯಲ್ಲಿ ಅನುಕೂಲವಂತರಾದ ರೈತರು ಮನೆಯ ಮುಂದಣ ಬಯಲಿನಲ್ಲಿಯೋ ಅಂಗಳದಲ್ಲಿಯೋ ಗಟ್ಟಿ ನೆಲವನ್ನು ಆರಿಸಿ, ಒಬ್ಬ ಮನುಷ್ಯನು ಇಳಿಯುವಷ್ಟೇ ಕಿರಿದಾದ ಬಾಯಿಯನ್ನೂ ಕೆಳಕ್ಕೆ ಹೋದಂತೆಲ್ಲ ಹಿಗ್ಗುವ ಒಡಲನ್ನೂ ಉಳ್ಳ ಕುಳಿಯನ್ನು ತೋಡಿ, ಅದರ ಸುತ್ತು ಗೋಡೆಗೂ ತಳಕ್ಕೂ ಒಣಗಿದ ಸೊಪ್ಪೆಯನ್ನು ಒತ್ತಾಗಿ ಹೊಂದಿಸಿ, ಚೆನ್ನಾಗಿ ಒಣಗಿಸಿದ ಜೋಳವನ್ನು ಕಂಠದವರೆಗೆ ತುಂಬಿ, ಬಾಯಿಗೆ ಹಾಸುಗಲ್ಲನ್ನು ಮುಚ್ಚಿ, ಮೇಲೆ ಮಣ್ಣನ್ನು ಮೆತ್ತಿಬಿಡುತ್ತಿದ್ದರು. ಆ ಮೇಲೆ ಅದರ ಮೇಲೆಯೇ ಎತ್ತುಗಳು ಓಡಾಡುತ್ತಿದ್ದುವು, ಮಕ್ಕಳು ಆಡುತ್ತಿದ್ದರು. ಒಳಗೆ ಸಿಕ್ಕಿದ ಗಾಳಿಯಲ್ಲಿನ ಆಮ್ಲಜನಕವನ್ನು ಕಾಳೂ ಹುಳುವೂ ಉಸಿರಾಡಿ ಮುಗಿಸಿ, ಇಂಗಾಲದ ಡೈಆಕ್ಸೈಡು ತುಂಬಿಕೊಂಡೊಡನೆ ಹುಳುಗಳು ತಾವಾಗಿಯೇ ನಾಶವಾಗುತ್ತಿದ್ದುವು. ಇಲಿಗಾದರೋ ಅಲ್ಲಿ ಪ್ರವೇಶವೂ ಇಲ್ಲ, ಉಸಿರೂ ಇಲ್ಲ. ವಿಷವಿಲ್ಲದೆ, ಬೋನಿಲ್ಲದೆ, ವರ್ಷಾನುವರ್ಷ ಕಾಳು ಉಳಿಯುತ್ತಿದ್ದಿತು. ಗೋಡೆಯ ಬದಿಯ ಜೋಳಕ್ಕೆ ಒಂದು ಬಗೆಯ ಮುಗ್ಗಲು ವಾಸನೆ ಬರುತ್ತಿದ್ದುದು ನಿಜ. ಆ ವಾಸನೆಯ ರೊಟ್ಟಿಯನ್ನೇ ಮೆಚ್ಚಿ ಉಣ್ಣುತ್ತಿದ್ದವರೂ ಇದ್ದರು.

ಹಗೇವು ತೆರೆಯುವ ದಿನ ನಮಗೆ ಹುಡುಗರಿಗೆ ಹಬ್ಬ. ಮಣ್ಣು ಕೆದರಿ ಕಲ್ಲು ಸರಿಸಿದೊಡನೆ ಬೆಚ್ಚನೆಯ ಆವಿಯೊಂದು ಮೇಲೆ ಬರುತ್ತಿದ್ದಿತು. ಇಳಿಯಲು ಹವಣಿಸುವ ಆಳನ್ನು ನಮ್ಮ ಅಜ್ಜಿ ರಟ್ಟೆ ಹಿಡಿದು ನಿಲ್ಲಿಸಿ, “ತಡಿಯೋ ತಮ್ಮಾ, ಮೊದಲ ದೀಪ ಇಳೀಲಿ, ಆಮ್ಯಾಲ ಮನಿಶ್ಯಾ ಇಳೀಲಿ” ಎನ್ನುವಳು. ಹಗ್ಗಕ್ಕೆ ಕಟ್ಟಿದ ಕಂದೀಲು ಕಂಠವನ್ನು ದಾಟಿ ಮೊಳದುದ್ದ ಇಳಿಯುವಷ್ಟರಲ್ಲಿ ಅದರ ಕುಡಿ ಕುಗ್ಗಿ ನೀಲಿಯಾಗಿ ಆರಿಹೋಗುತ್ತಿದ್ದಿತು. ಗಾಳಿಯಾಡಲೆಂದು ಬಿಟ್ಟು, ಮತ್ತೆ ಇಳಿಸಿ, ಆರದೆ ನಿಂತಮೇಲೆಯೇ ಆಳಿಗೆ ಅಪ್ಪಣೆ. ರಸಾಯನಶಾಸ್ತ್ರದ ಹೆಸರನ್ನೇ ಕೇಳದ ಆಕೆ ಆ ಕುಡಿಯನ್ನು ಎಷ್ಟು ಏಕಾಗ್ರತೆಯಿಂದ ನೋಡುತ್ತಿದ್ದಳೆಂಬುದು ನನ್ನ ನೆನಪಿನಲ್ಲಿ ಅಚ್ಚಳಿಯದೆ ಉಳಿದಿದೆ.

ಸಿಂಧನೂರಿನ ಸುತ್ತ ಹಗೇವುಗಳು ಹೋದುದಕ್ಕೆ ಯಾರ ಅಜ್ಞಾನವೂ ಕಾರಣವಲ್ಲ. 1953ರಲ್ಲಿ ತುಂಗಭದ್ರೆಯ ನೀರು ನಿಂತು, 227 ಕಿಲೋಮೀಟರು ಉದ್ದದ ಎಡದಂಡೆಯ ಕಾಲುವೆಯು ಈ ಸೀಮೆಯನ್ನು ಹಾಯ್ದಮೇಲೆ, ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದುವು; ನೆಲದೊಳಗಣ ತೇವವು ಮೇಲೇರಿತು; ಒಣ ನೆಲವನ್ನೇ ನಂಬಿದ ಹಗೇವು ಬಾಳುವಂತಿರಲಿಲ್ಲ. ಧಾನ್ಯವು ನೆಲದಿಂದ ಮೇಲಕ್ಕೆ ಬಂದು ಗೋಣಿಚೀಲವನ್ನು ಸೇರಿತು. ಇಲಿಯ ಹಲ್ಲಿಗೆ ಗೋಣಿಯು ಒಂದು ತಡೆಯೇ? ಕಾಲುವೆ ನಮ್ಮ ಬಡತನವನ್ನು ಕಳೆಯಿತು. ಅದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಆದರೆ ಅಷ್ಟು ಭತ್ತ ಬೆಳೆಯಲು ಕಲಿತವರು, ಹಗೇವಿಗೆ ಬದಲಾಗಿ ಬಿಗಿ ಮುಚ್ಚಳದ ತಗಡಿನ ಕಣಜವನ್ನಾದರೂ ಪ್ರತಿಯೊಬ್ಬ ರೈತನ ಮನೆಗೆ ತಲುಪಿಸಬಾರದಾಗಿತ್ತೆ? ಮಳೆಯನ್ನೇ ನಂಬಿರುವ ಲಿಂಗಸುಗೂರಿನ ಕಡೆಯ ಹಳ್ಳಿಗಳಿಗೆ ಹೋದಾಗಲೆಲ್ಲ, ಅಂಗಳದಲ್ಲಿ ಹಳೆಯ ಹಾಸುಗಲ್ಲು ಕಂಡರೆ ನಾನು ನಿಂತು ಅದರ ಕೆಳಗೇನಿತ್ತೆಂದು ಕೇಳದೆ ಬಿಡುವುದಿಲ್ಲ.

ಕೊಯ್ಲು ಮುಗಿದೊಡನೆ ಗದ್ದೆಯ ಇಲಿಗಳು ಊರಿನ ಕಡೆಗೆ ಹೊರಡುತ್ತವೆ. ಅಕ್ಕಿ ಗಿರಣಿಗಳ ಹಿಂದಣ ಹೊಟ್ಟಿನ ರಾಶಿಗಳು ಅವುಗಳಿಗೆ ದೊಡ್ಡ ಆಶ್ರಯ. ಯಂತ್ರ ಕೊಯ್ದುಹೋದ ಗದ್ದೆಗೆ ಬೆಂಕಿಯಿಡುವುದೂ ಈಚೆಗೆ ರೂಢಿಯಾಗಿದೆ. ಇಲಿ ಹೆಚ್ಚಿದುವೆಂದು ಮನೆಗೆ ಬೆಂಕಿಯಿಟ್ಟರೆಂಬ ಗಾದೆಯನ್ನು ಇಲ್ಲಿ ನೆನೆಯಬೇಕಾಗಿಲ್ಲ. ನನಗೆ ನೆನಪಾಗುವುದು ಅಶೋಕ ಚಕ್ರವರ್ತಿಯ ಐದನೆಯ ಸ್ತಂಭಶಾಸನ. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಬರೆಯಿಸಿದ ಆ ಶಾಸನದಲ್ಲಿ ಅವನು ಕೊಲ್ಲಬಾರದ ಪ್ರಾಣಿಗಳನ್ನು ಹೆಸರಿಸುತ್ತ, ಗಿಳಿ, ಹಂಸ, ಬಾವಲಿ, ಆಮೆಗಳನ್ನು ದಾಟಿ, ಉಪಯೋಗಕ್ಕೂ ಬಾರದ, ತಿನ್ನಲೂ ಆಗದ ಎಲ್ಲ ಚತುಷ್ಪಾದಿಗಳನ್ನೂ ಸೇರಿಸುತ್ತಾನೆ; ಜೀವಿಗಳಿರುವ ಹೊಟ್ಟನ್ನು ಸುಡಬಾರದೆಂದು ಪ್ರತ್ಯೇಕವಾಗಿ ಆಜ್ಞಾಪಿಸುತ್ತಾನೆ. ಅಷ್ಟು ದೊಡ್ಡ ರಾಜ್ಯದ ಒಡೆಯನು ಹೊಟ್ಟಿನ ರಾಶಿಯೊಳಗಣ ಜೀವವನ್ನು ಯೋಚಿಸಿದನೆಂಬುದು ನನಗೆ ಅವನ ಯುದ್ಧಗಳಿಗಿಂತಲೂ ದೊಡ್ಡ ಸಂಗತಿಯಾಗಿ ತೋರುತ್ತದೆ. ಮನೆಯ ಇಲಿಯನ್ನು ಕೊಲ್ಲದೆ ಇರಲು ನಮ್ಮಿಂದ ಆಗದಿರಬಹುದು. ಹಿಂಸೆಯಿಲ್ಲದೆ ಕೊಲ್ಲುವುದೂ, ಬರದಂತೆ ಕದ ಮುಚ್ಚುವುದೂ ಆಗುತ್ತದೆ.

ಇದೇ ಅಶೋಕನ ಇನ್ನೊಂದು ಶಾಸನ ನಮ್ಮ ಸೀಮೆಯ ಮಸ್ಕಿಯಲ್ಲಿದೆ. ಅದರಲ್ಲಿ ಈ ಪ್ರಾಣಿಗಳ ಮಾತಿಲ್ಲ. ಸಣ್ಣವರೂ ದೊಡ್ಡವರಂತೆಯೇ ಧರ್ಮವನ್ನು ಸಾಧಿಸಬಹುದೆಂಬ ಭರವಸೆ ಅಲ್ಲಿದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀಲಿಪಿಯನ್ನು ಓದಿದಾಗ ದೊರೆತುದು ದೇವಾನಾಂಪ್ರಿಯ ಪ್ರಿಯದರ್ಶಿಯೆಂಬ ಬಿರುದು ಮಾತ್ರ. ಆ ಪ್ರಿಯದರ್ಶಿಯೇ ಅಶೋಕನೆಂಬುದಕ್ಕೆ ಸಿಂಹಳದ ಗ್ರಂಥಗಳನ್ನು ಆಶ್ರಯಿಸಬೇಕಾಯಿತು. ಅವನ ಸ್ವಂತ ಶಾಸನದಲ್ಲಿಯೇ ಅಶೋಕನೆಂಬ ಹೆಸರು ಮೊದಲು ದೊರೆತುದು 1915ರಲ್ಲಿ, ನಮ್ಮ ಮಸ್ಕಿಯ ಗುಡ್ಡದಲ್ಲಿ, ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ. ಬೆಟ್ಟ ಅಗೆದು ಇಲಿ ಹಿಡಿದರೆಂಬ ಗಾದೆ ಮಾತು ಆ ಒಂದು ಸಲ ತಲೆಕೆಳಗಾಯಿತು.

ಚಿನ್ನವೂ ಇಲ್ಲಿ ಸುಳ್ಳಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಬಂಡೆಯನ್ನು ಬೆಂಕಿಯಿಂದ ಕಾಯಿಸಿ ಸಿಡಿಸುತ್ತ, ನೂರಾರು ಅಡಿಗಳ ಆಳಕ್ಕೆ ಇಳಿದಿದ್ದರು. ಆ ಆಳದಲ್ಲಿ, ಬೆಂಕಿಯೂ ಹೊಗೆಯೂ ತುಂಬಿದ ಸುರಂಗದಲ್ಲಿ, ಗಾಳಿ ಕೆಟ್ಟಿತೆಂಬುದನ್ನು ಅವರು ಹೇಗೆ ಅರಿಯುತ್ತಿದ್ದರು? ದೀಪವನ್ನು ಮುಂದಾಗಿ ಇಳಿಸುವ ವಿದ್ಯೆ ಗಣಿಯಿಂದ ಹಗೇವಿಗೆ ಬಂದಿತೋ, ಹಗೇವಿನಿಂದ ಗಣಿಗೆ ಹೋಯಿತೋ? ಮುಂದಿನ ಸಲ ಲಿಂಗಸುಗೂರಿಗೆ ಹೋದಾಗ ಹಟ್ಟಿಯವರೆಗೂ ಹೋಗಿ, ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಯಾರಾದರೂ ಸಿಕ್ಕಿದರೆ ಅವರನ್ನು ಕೇಳಬೇಕೆಂದಿದ್ದೇನೆ.