ಅತ್ತೆಯ ದವಡೆ ಹಲ್ಲು

ಉಡುಪಿಯಿಂದ ಸೀವುಡ್ಸ್‌ಗೆ ಬಂದ ಅತ್ತೆಗೆ ಹಲ್ಲುನೋವು. ಗಂಜಿಯನ್ನೂ ಒಂದೇ ಬದಿಯಲ್ಲಿ ಉಣ್ಣುತ್ತಿದ್ದರು. ಆದರೂ ಹಲ್ಲಿನ ಡಾಕ್ಟರೆಂದರೆ ನಡುಕ. ಮರಗಟ್ಟಿಸುವ ಇಂಜೆಕ್ಷನ್ ನೋವನ್ನು ತಡೆಯುತ್ತದೆ, ಹೆದರಿಕೆಯನ್ನಲ್ಲ. ಅದಕ್ಕೂ ದಾರಿಗಳಿವೆ ಎಂದರು ಇಲ್ಲಿನ ಡಾಕ್ಟರ್. ಒಂದು, ಲಾಫಿಂಗ್ ಗ್ಯಾಸ್ ಎನ್ನುವ ನೈಟ್ರಸ್ ಆಕ್ಸೈಡ್. ಮೂಗಿಗೆ ಮಾಸ್ಕ್ ಇಟ್ಟು ಆಮ್ಲಜನಕದ ಜೊತೆ ಕೊಡುತ್ತಾರೆ. ಎಚ್ಚರವಿರುತ್ತದೆ, ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಅಮಲು ಇಳಿಯುತ್ತದೆ. ಮಾತ್ರೆಯಾದರೆ ಮಂಪರು ಗಂಟೆಗಟ್ಟಲೆ, ಒಬ್ಬರೇ ಲೋಕಲ್ ಹತ್ತುವಂತಿಲ್ಲ. ನರಕ್ಕೆ ಚುಚ್ಚಿ ಕೊಡುವುದಿದ್ದರೆ ಅರಿವಳಿಕೆ ತಜ್ಞರನ್ನು ಕರೆಸುತ್ತಾರಂತೆ. ಬಿಪಿಗೆ ಯಾವ ಮಾತ್ರೆ ನುಂಗುತ್ತೀರಿ ಎಂದು ಅವರು ಮೊದಲೇ ವಿಚಾರಿಸಿದ್ದು ನನಗೆ ಹಿಡಿಸಿತು.

1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಇದೇ ಗ್ಯಾಸ್ ಎಳೆದುಕೊಂಡು ತನ್ನ ಹಲ್ಲನ್ನೇ ಕೀಳಿಸಿಕೊಂಡಿದ್ದ ಎಂದೆ.

"ಅವ ಬದುಕಿದನಾ?"

ಬದುಕಿದ ಎಂದ ಮೇಲೆ ಒಪ್ಪಿದರು. ಮಾಸ್ಕ್ ಹಾಕಿದಾಗ ಅತ್ತೆ ನಗಲಿಲ್ಲ. ನನ್ನ ಕೈಯನ್ನು ಬಿಗಿಹಿಡಿದಿದ್ದ ಅವರ ಬೆರಳುಗಳು ಮಾತ್ರ ಮೆಲ್ಲಗೆ ಸಡಿಲವಾದವು.