ಕಾರಿಲ್ಲದವರು ತೆತ್ತ ಬಾಡಿಗೆ

ವಸತಿ ಸಮುಚ್ಚಯ ಕಟ್ಟುವವರು ಕಾರುಗಳ ನಿಲುಗಡೆಗೂ ಸ್ಥಳ ಒದಗಿಸಲೇಬೇಕೆಂದು ಅಮೆರಿಕದ ಕೊಲಂಬಸ್ ನಗರವು 1923ರಲ್ಲಿ ವಿಧಿಸಿತು. ಅನ್ಯ ನಗರಗಳೂ ಅದೇ ಹಾದಿ ಹಿಡಿದವು. ಆ ಸ್ಥಳದ ವೆಚ್ಚವು ಮನೆಬಾಡಿಗೆಯಲ್ಲಿಯೂ ಅಂಗಡಿಯ ಸಾಮಾನಿನ ಬೆಲೆಯಲ್ಲಿಯೂ ಅಡಗಿ ಕುಳಿತಿತು. ಕಾರಿಲ್ಲದ ವೃದ್ಧೆಯೂ ಬಸ್ಸಿನಲ್ಲಿ ಓಡಾಡುವ ಕೂಲಿಕಾರನೂ ನೆರೆಯವರ ಕಾರಿಗಾಗಿ ನೆಲದ ಬೆಲೆ ತೆರುವಂತಾಯಿತು. ಇದು ಕಣ್ಣಿಗೆ ಕಾಣದ ಅನ್ಯಾಯ. ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಅವರು 2005ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಇದನ್ನು ಸವಿಸ್ತಾರವಾಗಿ ಲೆಕ್ಕಹಾಕಿ ತೋರಿಸಿದರು.

2017ರಲ್ಲಿ ಬಫಲೋ ನಗರವು ಈ ಕಡ್ಡಾಯವನ್ನು ತೆಗೆದುಹಾಕಿತು. 2023ರಿಂದ ಕ್ಯಾಲಿಫೋರ್ನಿಯಾದಲ್ಲಿ, ಪ್ರಮುಖ ಸಾರಿಗೆ ನಿಲ್ದಾಣಗಳಿಂದ ಅರ್ಧ ಮೈಲಿಯೊಳಗಿನ ಬಹುಪಾಲು ಕಟ್ಟಡಗಳಿಗೆ ಅದು ಅನ್ವಯಿಸದು. ನಿಲುಗಡೆಯನ್ನೇ ನಿಷೇಧಿಸಲಾಗಿದೆಯೆಂದು ವಾದಿಸುವವರುಂಟು. ಬೇಕಾದವರು ಕಟ್ಟಿಕೊಳ್ಳಲು ಅಡ್ಡಿಯಿಲ್ಲ. ಅಂಗವಿಕಲರಿಗೆಂದು ಕಾದಿರಿಸಬೇಕಾದ ಸ್ಥಳದ ವಿಷಯದಲ್ಲಂತೂ ಕ್ಯಾಲಿಫೋರ್ನಿಯಾದ ಕಾಯಿದೆ ಯಾವ ವಿನಾಯಿತಿಯನ್ನೂ ಕೊಟ್ಟಿಲ್ಲ.