ಆಗುಂಬೆ ಘಟ್ಟವೂ ನೀಲಿ ಹೊಗೆಯೂ

ಪ್ರವಾಸವೆಂದರೆ ತೀರ್ಥಕ್ಷೇತ್ರಗಳ ದರ್ಶನ, ಇಲ್ಲವೆ ಪ್ರಕೃತಿಸೌಂದರ್ಯದ ಆಸ್ವಾದನೆ ಎಂದು ಭಾವಿಸುವುದು ರೂಢಿ. ಆದರೆ ಏರಿನಲ್ಲಿ ಎತ್ತಿನ ಬಲವೂ ಇಳಿಜಾರಿನಲ್ಲಿ ಅದರ ಹದವೂ ತಿಳಿಯುವುವೆಂಬುದನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ಈಗ ಎತ್ತಿನ ಸ್ಥಾನಕ್ಕೆ ಮೋಟಾರು ಬಂದಿರುವುದಷ್ಟೆ. ಪರೀಕ್ಷೆಯ ಕ್ರಮವು ಬದಲಾಗಿಲ್ಲ. ಮಲೆನಾಡಿನಿಂದ ಕರಾವಳಿಗೆ ಇಳಿಯುವ ಆಗುಂಬೆಯ ಘಟ್ಟವು ಒಂದು ಹಳೆಯ ಕಾರಿನ ರೋಗವನ್ನು ತಿಳಿಸಿಕೊಟ್ಟ ಬಗೆಯನ್ನು ವಾಚಕರಿಗೆ ನಿವೇದಿಸುವುದು ಈ ಲೇಖನದ ಉದ್ದೇಶ.

ಶಿವಮೊಗ್ಗೆಯಲ್ಲಿರುವ ನಮ್ಮ ಅಳಿಯಂದಿರು ತಮ್ಮ ತಾಯಿಯವರನ್ನು ತಿಂಗಳಿಗೊಮ್ಮೆ ಚಿಕಿತ್ಸೆಗಾಗಿ ಮಣಿಪಾಲಕ್ಕೆ ಕರೆದೊಯ್ಯಬೇಕಾಗಿದೆ. ಆ ವೃದ್ಧೆಗೆ ಬಸ್ಸಿನ ಪ್ರಯಾಣವು ಸಹ್ಯವಾಗದು. ಆದುದರಿಂದ ಅವರು ಕೂಡಿಟ್ಟ ಹಣವನ್ನೆಲ್ಲ ತೆಗೆದು, ಒಂಬತ್ತು ವರ್ಷ ಓಡಿದ ಸಣ್ಣ ಪೆಟ್ರೋಲ್ ಕಾರೊಂದನ್ನು ಕೊಂಡರು. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದರ ಎಂಜಿನ್ನಿನ ಎಣ್ಣೆಯು ಅಳತೆ ಮೀರಿ ಇಳಿಯತೊಡಗಿತು. ಊರಿನ ಒಬ್ಬ ರಿಪೇರಿಯವನು ಮುಚ್ಚಳ ತೆರೆದು ನೋಡಿ, “ಎಂಜಿನ್ ಹೋಯಿತು ಸ್ವಾಮಿ, ಪೂರ್ತಿ ಬಿಚ್ಚಿ ಹೊಸ ರಿಂಗ್ ಹಾಕಿಸಬೇಕು” ಎಂದನು. ಅವನು ಹೇಳಿದ ವೆಚ್ಚವು ಕಾರಿನ ಬೆಲೆಯ ಅರ್ಧದಷ್ಟಿತ್ತು. “ಅಪ್ಪಯ್ಯ, ಅಷ್ಟು ಹಣವನ್ನು ಇದಕ್ಕೇ ಸುರಿದರೆ ಅತ್ತೆಯವರ ಔಷಧಿಗೆ ಏನು ಮಾಡುವುದು?” ಎಂದು ಮಗಳು ಕೇಳಿದಳು. ಮಾರಿಬಿಡೋಣವೆಂದರೆ, ಕೆಟ್ಟ ಗಾಡಿಯೆಂದು ತಿಳಿದೂ ಮತ್ತೊಬ್ಬರಿಗೆ ಕಟ್ಟುವುದಕ್ಕೆ ಅಳಿಯಂದಿರ ಮನಸ್ಸು ಒಪ್ಪಲಿಲ್ಲ.

ತರ್ಕಶಾಸ್ತ್ರವನ್ನು ಓದುವ ಬಾಲಕನಿಗೆ ಮೊಟ್ಟಮೊದಲು ಹೇಳಿಕೊಡುವ ಉದಾಹರಣೆ ಬೆಟ್ಟದ ಮೇಲಿನ ಹೊಗೆಯದು. ಹೊಗೆಯಿದ್ದಲ್ಲಿ ಬೆಂಕಿಯಿರಬೇಕೆಂಬುದು ನಿಶ್ಚಯ. ಆದರೆ ಎಂಜಿನ್ನಿನ ವಿಷಯದಲ್ಲಿ ಹೊಗೆಯನ್ನು ಕಂಡ ಮಾತ್ರಕ್ಕೆ ಕಾರಣವು ನಿಶ್ಚಯವಾಗದು. ಕಪ್ಪು ಹೊಗೆಯು ಪೆಟ್ರೋಲಿನ ಅತಿಶಯವನ್ನೂ, ಎಡೆಬಿಡದ ದಟ್ಟವಾದ ಬಿಳಿಯ ಹೊಗೆಯು ಒಳಗೆ ಸೇರಿದ ನೀರನ್ನೂ, ನೀಲಿ ಹೊಗೆಯು ಎಣ್ಣೆ ಉರಿಯುವುದನ್ನೂ ಸೂಚಿಸುವುವು. ಆ ಎಣ್ಣೆಯಾದರೂ ಉರಿಯುವ ಕೋಣೆಯನ್ನು ಸೇರಲು ಒಂದಕ್ಕಿಂತ ಹೆಚ್ಚು ದಾರಿಗಳುಂಟು. ಪಿಸ್ಟನ್ನಿನ ಉಂಗುರಗಳು, ಎಂದರೆ ರಿಂಗುಗಳು, ಸವೆದರೆ ಅಥವಾ ಮಸಿಯಲ್ಲಿ ಕಚ್ಚಿಕೊಂಡರೆ ಕೆಳಗಿನಿಂದ ಏರುವುದು. ವಾಲ್ವಿನ ಕಾಂಡವನ್ನು ಬಿಗಿದಿರುವ ರಬ್ಬರಿನ ಸೀಲುಗಳು ಒಣಗಿ ಗಡುಸಾದರೆ ಮೇಲಿನಿಂದ ಜಾರುವುದು. ಎಂಜಿನ್ನಿನ ಒಡಲಲ್ಲಿ ಸೇರುವ ಆವಿಯನ್ನು ಸೆಳೆದೊಯ್ಯುವ ಪಿ.ಸಿ.ವಿ. ವಾಲ್ವು ಕಟ್ಟಿಕೊಂಡರೆ ಒಳಗಿನ ಒತ್ತಡವೇ ಎಣ್ಣೆಯನ್ನು ಸಿಕ್ಕಿದೆಡೆಗೆ ನೂಕುವುದು. ಇವುಗಳ ಚಿಕಿತ್ಸೆಯ ವೆಚ್ಚದಲ್ಲಿ ಅಜಗಜಾಂತರವುಂಟು. ನಿದಾನವಿಲ್ಲದೆ ಚಿಕಿತ್ಸೆ ಸಲ್ಲದೆಂಬುದು ವೈದ್ಯರ ಮತವಷ್ಟೆ. ಅದು ಯಂತ್ರಕ್ಕೂ ಅನ್ವಯಿಸುವುದು.

ಆದುದರಿಂದ ಮೊದಲು ಅಳತೆಯನ್ನು ಹಿಡಿದೆವು. ಸಮನಾದ ನೆಲದಲ್ಲಿ ಗಾಡಿಯನ್ನು ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಕಳೆದ ಮೇಲೆ, ಡಿಪ್‌ಸ್ಟಿಕ್ಕನ್ನು ಒಮ್ಮೆ ಒರಸಿ ಮತ್ತೆ ಇಳಿಸಿ ನೋಡಿದೆವು. ಮೇಲಿನ ಗುರುತಿನವರೆಗೆ ಎಣ್ಣೆ ತುಂಬಿ, ಓಡಿದ ಕಿಲೋಮೀಟರುಗಳನ್ನು ಪುಸ್ತಕದಲ್ಲಿ ಬರೆದಿಟ್ಟೆವು. 1000 ಕಿಲೋಮೀಟರಿಗೆ ಮುಕ್ಕಾಲು ಲೀಟರು ವೆಚ್ಚವಾಗುತ್ತಿದ್ದುದು ಇದರಿಂದ ಖಚಿತವಾಯಿತು. ಅಷ್ಟನ್ನು ಸಹ್ಯವೆಂದು ಹೇಳುವ ತಯಾರಕರೂ ಇರುವರು. ಆದರೆ ಮೂರು ಮೂರೂವರೆ ಲೀಟರು ಮಾತ್ರ ಹಿಡಿಸುವ ಸಣ್ಣ ಎಂಜಿನ್ನಿಗೆ ಇದು ನಿರ್ಲಕ್ಷಿಸುವ ಮಾತಲ್ಲ. ರಾತ್ರಿ ಕಾರಿನ ಕೆಳಗೆ ಹಳೆಯ ವೃತ್ತಪತ್ರಿಕೆಗಳನ್ನು ಹಾಸಿದೆವು. ಬೆಳಿಗ್ಗೆ ಅವುಗಳ ಮೇಲೆ ಒಂದು ತೊಟ್ಟೂ ಇರಲಿಲ್ಲ. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಜಿಡ್ಡು ಕಾಣಲಿಲ್ಲ. ಆಗ ಮಗಳು, “ಬೆಳಿಗ್ಗೆ ಮೊದಲ ಸಲ ಶುರು ಮಾಡಿದಾಗ ಮಾತ್ರ ಒಂದು ಕ್ಷಣ ನೀಲಿ ಹೊಗೆ ಬರುತ್ತದೆ, ಅಪ್ಪಯ್ಯ, ಆಮೇಲೆ ಇಲ್ಲ” ಎಂದಳು. ಇದನ್ನು ರಿಪೇರಿಯವನು ಕೇಳಿಯೇ ಇರಲಿಲ್ಲ.

ಕಳೆದ ಮಾರ್ಗಶಿರದಲ್ಲಿ ವೃದ್ಧೆಯನ್ನು ಮನೆಯಲ್ಲಿಯೇ ಬಿಟ್ಟು, ಅದೇ ದರ್ಜೆಯ ಒಂದು ಲೀಟರು ಎಣ್ಣೆಯನ್ನು ಜೊತೆಗಿಟ್ಟುಕೊಂಡು, ಪರೀಕ್ಷಾರ್ಥವಾಗಿ ಉಡುಪಿಗೆ ಹೊರಟೆವು. ಅಳಿಯಂದಿರೂ ಮಗಳೂ ಆ ಕಾರಿನಲ್ಲಿ ಮುಂದೆ ಹೋದರು. ಹೊಗೆಯನ್ನು ನೋಡುವ ಕಾರ್ಯಕ್ಕಾಗಿ ನಾನು ಬಂಧುಗಳೊಬ್ಬರ ಗಾಡಿಯಲ್ಲಿ ಹಿಂದೆ ಬಂದೆನು. ಗಾಜನೂರಿನ ಅಣೆಕಟ್ಟೆ ದಾಟಿದ ಮೇಲೆ ರಸ್ತೆಯು ಬಹುದೂರ ತುಂಗೆಯ ಸಂಗಡವೇ ಸಾಗುವುದು. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಮಂಡಗದ್ದೆಯ ನಡುಗಡ್ಡೆಯು ಆಗ ಬರಿದಾಗಿದ್ದಿತು. ತೀರ್ಥಹಳ್ಳಿಯಲ್ಲಿ ತುಂಗೆಗೆ ನಮಸ್ಕರಿಸಿ, ಅಡಕೆಯ ತೋಟಗಳ ನಡುವೆ ಮುಂದುವರಿದು ಆಗುಂಬೆಯನ್ನು ಸೇರಿದೆವು. ಅಷ್ಟು ದೂರವೂ ಹೊಗೆಯ ಸುಳಿವಿರಲಿಲ್ಲ.

ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆ ಊರು ಚಿಕ್ಕದು, ಕೀರ್ತಿ ದೊಡ್ಡದು. ಕಾಳಿಂಗ ಸರ್ಪಗಳ ನೆಲೆಯಾದ ಇಲ್ಲಿನ ಕಾಡಿನ ಅಧ್ಯಯನಕ್ಕಾಗಿ ಉರಗತಜ್ಞರಾದ ರೊಮುಲಸ್ ವಿಟೇಕರ್ ಅವರು 2005ರಲ್ಲಿ ಒಂದು ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದರು. ಊರಿನ ಅಂಚಿನಲ್ಲಿಯೇ ನೆಲವು ತಟಕ್ಕನೆ ಮುಗಿದು, ಹದಿನಾಲ್ಕು ಕಡಿದಾದ ತಿರುವುಗಳ ಘಟ್ಟವು ಆರಂಭವಾಗುವುದು. ಇಂತಹ ತಿರುವುಗಳಲ್ಲಿ ಎಣ್ಣೆಯು ಒಂದು ಪಕ್ಕಕ್ಕೆ ಸರಿಯುವುದರಿಂದ, ಅದು ತೀರ ಕಡಮೆಯಾಗಿದ್ದರೆ ಕೆಂಪು ದೀಪವು ಮಿನುಗುವುದುಂಟು. ಆ ದೀಪವು ಎಣ್ಣೆಯ ಮಟ್ಟವನ್ನಲ್ಲ, ಒತ್ತಡವನ್ನು ಹೇಳುವುದು; ಅದು ಹತ್ತಿಕೊಂಡಿತೆಂದರೆ ಕೂಡಲೇ ಎಂಜಿನ್ನನ್ನು ನಿಲ್ಲಿಸಬೇಕು. ಆದಕಾರಣ ಆಗುಂಬೆಯಲ್ಲಿ ಮತ್ತೊಮ್ಮೆ ಮಟ್ಟವನ್ನು ನೋಡಿಕೊಂಡೇ ಇಳಿಯತೊಡಗಿದೆವು.

ಅಳಿಯಂದಿರು ಆಕ್ಸಿಲರೇಟರಿನಿಂದ ಕಾಲು ತೆಗೆದು, ಎರಡನೆಯ ಗೇರಿನಲ್ಲಿಯೇ ಗಾಡಿಯನ್ನು ಇಳಿಸಿದರು. ಇಕ್ಕೆಲಗಳಲ್ಲಿ ಆಕಾಶವನ್ನು ಮುಚ್ಚಿದ ಮರಗಳು. ತಡೆಗೋಡೆಗಳ ಮೇಲೆ ಕೋತಿಗಳ ಸಂಸಾರ. ಇಳಿಯುವಷ್ಟು ಹೊತ್ತೂ ಹೊಗೆ ಕಾಣಲಿಲ್ಲ. ಕೆಳಗೆ ಸೋಮೇಶ್ವರದ ಸಮಭೂಮಿಗೆ ಬಂದು ಅವರು ಆಕ್ಸಿಲರೇಟರನ್ನು ಒತ್ತಿದೊಡನೆ, ಕೊಳವೆಯಿಂದ ಒಂದು ದೊಡ್ಡ ನೀಲಿಯ ಮೋಡವೇ ಹೊರಟಿತು. ಸ್ವಲ್ಪ ಹೊತ್ತಿನಲ್ಲಿಯೇ ಕರಗಿಹೋಯಿತು.

ಇದರ ಕಾರಣವನ್ನು ಉಡುಪಿಯ ಒಬ್ಬ ವೃದ್ಧ ಮೇಸ್ತ್ರಿಗಳು ವಿವರಿಸಿದರು. “ಕಾಲು ತೆಗೆದಾಗ ಗಾಳಿಯ ದಾರಿ ಮುಚ್ಚುತ್ತದೆ, ಮಾಷ್ಟ್ರೇ. ಗಾಡಿಯ ಓಟಕ್ಕೆ ಪಿಸ್ಟನ್ ಮಾತ್ರ ಎಳೆಯುತ್ತಲೇ ಇರುತ್ತದೆ. ಗಾಳಿ ಸಿಕ್ಕದಿದ್ದರೆ ವಾಲ್ವಿನ ಪಕ್ಕದಿಂದ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಇಳಿಜಾರು ಮುಗಿದು ಬೆಂಕಿ ಬಿದ್ದಾಗ ಅದೆಲ್ಲ ಉರಿಯುತ್ತದೆ.” ಬೆಳಗಿನ ಹೊಗೆಗೂ ಇದೇ ಸಮಾಧಾನ: ರಾತ್ರಿಯೆಲ್ಲ ಸೀಲಿನ ಸಂದಿನಿಂದ ಜಿನುಗಿದ ಎಣ್ಣೆಯು ಮೊದಲ ಕಿಡಿಗೆ ಉರಿದುಹೋಗುವುದು. ಅವರು ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ಬಿಚ್ಚಿ ನೋಡಿ, ಪ್ರತಿಯೊಂದು ಸಿಲಿಂಡರಿನ ಕಂಪ್ರೆಷನ್ ಅಳೆದರು. ನಾಲ್ಕೂ ಹೆಚ್ಚುಕಡಮೆ ಸಮವಾಗಿದ್ದುವು. ಮತ್ತೆ ಒಂದೊಂದಕ್ಕೂ ಒಂದು ಚಮಚೆ ಎಣ್ಣೆ ಬಿಟ್ಟು ಅಳೆದರು. ಉಂಗುರಗಳು ಸವೆದಿದ್ದರೆ ಈ ಎಣ್ಣೆಯು ಸಂದನ್ನು ಮುಚ್ಚಿ ಒತ್ತಡವನ್ನು ಬಹಳವಾಗಿ ಏರಿಸುವುದು. ಇಲ್ಲಿ ಏರಿದುದು ಅತ್ಯಲ್ಪ. ಕಟ್ಟಿಕೊಂಡಿದ್ದ ಪಿ.ಸಿ.ವಿ. ವಾಲ್ವೊಂದನ್ನು ಬದಲಾಯಿಸಿದರು, ಅದರ ಬೆಲೆ ಅಲ್ಪವೇ. “ಎಣ್ಣೆ ತಡೆಯುವ ಕೆಳಗಿನ ರಿಂಗ್ ಕಚ್ಚಿಕೊಂಡಿದ್ದರೆ ಈ ಅಳತೆಯಲ್ಲಿ ಗೊತ್ತಾಗದೆಯೂ ಇರಬಹುದು. ಘಟ್ಟ ಹತ್ತುವಾಗ ನೋಡಿ. ಏರಿನುದ್ದಕ್ಕೂ ಹೊಗೆ ಬಂದರೆ ರಿಂಗ್, ಬರದಿದ್ದರೆ ಸೀಲಿನದೇ ಕೆಲಸ” ಎಂದು ಹೇಳಿ ಕಳುಹಿಸಿದರು.

ಸಂಜೆ ಹಿಂದಿರುಗುವಾಗ ಅಳಿಯಂದಿರು ಅದೇ ಹದಿನಾಲ್ಕು ತಿರುವುಗಳನ್ನು ಎಂಜಿನ್ನಿನ ಪೂರ್ಣಬಲದಿಂದ ಏರಿದರು. ಮೇಲಣ ಸೂರ್ಯಾಸ್ತದ ಕಟ್ಟೆಯನ್ನು ಮುಟ್ಟಿದಾಗ ಅಲ್ಲಿ ನೆರೆದ ಜನರೆಲ್ಲರೂ ಪಶ್ಚಿಮಕ್ಕೆ ಮುಖ ಮಾಡಿದ್ದರು. ನಾವು ಮಾತ್ರ ಸೈಲೆನ್ಸರಿನ ಕೊಳವೆಗೆ ಮುಖ ಮಾಡಿದ್ದೆವು. ಏರಿನುದ್ದಕ್ಕೂ ಹೊಗೆ ಬಂದಿರಲಿಲ್ಲ. ಕಾಲು ತೆಗೆದು ಇಳಿದು ಮತ್ತೆ ಒತ್ತಿದಾಗ ಹೊಗೆಯುಂಟು. ಎಷ್ಟು ಭಾರವಿದ್ದರೂ ಏರುವಾಗ ಹೊಗೆಯಿಲ್ಲ. ಅನ್ವಯ ವ್ಯತಿರೇಕಗಳೆರಡೂ ಒಂದೇ ಕಡೆಗೆ ಬೆರಳು ತೋರಿದುವು. “ಇನ್ನು ಅಮ್ಮನನ್ನು ಕರೆದುಕೊಂಡು ಹೋಗಬಹುದು, ಮಾವನವರೇ” ಎಂದು ಅಳಿಯಂದಿರು ಹೇಳಿದ ಮೇಲೆಯೇ ನಾವೆಲ್ಲರೂ ತಿರುಗಿ ಸೂರ್ಯನನ್ನು ನೋಡಿದುದು. ಬಯಲಿನ ಆಚೆಗೆ ಅದು ಅರ್ಧ ಮುಳುಗಿದ್ದಿತು.

ಶಿವಮೊಗ್ಗೆಯಲ್ಲಿ ಬೇರೊಬ್ಬರು, ಸಿಲಿಂಡರಿನೊಳಗೆ ಗಾಳಿಯ ಒತ್ತಡವನ್ನು ತುಂಬಿ ವಾಲ್ವುಗಳು ಜಾರದಂತೆ ಹಿಡಿದು, ಎಂಜಿನ್ನನ್ನು ಇಳಿಸದೆಯೇ ಸೀಲುಗಳನ್ನು ಬದಲಾಯಿಸಿದರು. ವೆಚ್ಚವು ಮೊದಲು ಕೇಳಿದ್ದ ಮೊತ್ತದ ಎಂಟರಲ್ಲೊಂದು ಪಾಲು. ಆ ಬಳಿಕ 1000 ಕಿಲೋಮೀಟರು ಓಡಿದ ಮೇಲೆ ನೋಡಲಾಗಿ ಎಣ್ಣೆಯು ಕೂದಲೆಳೆಯಷ್ಟು ಇಳಿದಿದ್ದಿತು. ವೃದ್ಧೆಯು ಈವರೆಗೆ ಮೂರು ಸಲ ಮಣಿಪಾಲಕ್ಕೆ ಹೋಗಿ ಬಂದಿರುವಳು.

ಬಳಸಿದ ಗಾಡಿಯನ್ನು ಕೊಳ್ಳುವ ಗೃಹಸ್ಥರು ಇಷ್ಟನ್ನು ನೆನಪಿಡಬೇಕು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ ಮೊದಲ ಹೊಗೆಯನ್ನು ನೋಡಿರಿ. ಮಾರುವವನು ಮೊದಲೇ ಎಂಜಿನ್ನನ್ನು ಕಾಯಿಸಿಟ್ಟಿದ್ದರೆ ಮತ್ತೊಂದು ದಿನ ಹೋಗಿರಿ. ತೊಳೆದು ಥಳಥಳಿಸುವ ಎಂಜಿನ್ನನ್ನು ಸುಮ್ಮನೆ ನಂಬದಿರಿ. ಸೋರಿಕೆಯ ಗುರುತೂ ತೊಳೆದುಹೋಗಿರಬಹುದು. ಸಾಧ್ಯವಾದರೆ ಒಂದು ಇಳಿಜಾರಿನಲ್ಲಿಯೂ ಒಂದು ಏರಿನಲ್ಲಿಯೂ ಓಡಿಸಿ, ಹಿಂದಿನಿಂದ ಒಬ್ಬರನ್ನು ನೋಡಗೊಡಿಸಿರಿ. ಕೊಂಡ ಮೇಲೆ ವಾರಕ್ಕೊಮ್ಮೆ ಅಳತೆಯನ್ನು ಬರೆದಿಡಿರಿ. ದೊಡ್ಡ ವೆಚ್ಚದ ಮಾತನ್ನು ಯಾರಾದರೂ ಆಡಿದರೆ, ಯಾವ ಪರೀಕ್ಷೆಯಿಂದ ಅದು ತಿಳಿಯಿತೆಂದು ವಿನಯದಿಂದ ಕೇಳಿರಿ. ಉತ್ತರ ಬಂದರೆ ಹಣ ಕೊಡಿರಿ. ಬಾರದಿದ್ದರೆ ಇನ್ನೊಬ್ಬರನ್ನು ಕಾಣಿರಿ.